ನಾಲ್ಕು ಚಕ್ರಕ್ಕೂ ಒಂದೇ ಸುತ್ತಳತೆ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುತ್ತಿದ್ದಾಗ, ಎದುರು ಬಂದ ಬಸ್ಸಿಗೆ ದಾರಿ ಬಿಡಲೆಂದು ಕಾರನ್ನು ಡಾಂಬರಿನ ಅಂಚಿನಿಂದ ಕೆಳಗಿಳಿಸಿದೆ. ಚರಂಡಿಯ ಕೆಸರುನೀರಿನಲ್ಲಿ ಮುಳುಗಿದ್ದ ಜಂಬಿಟ್ಟಿಗೆಯ ಚೂಪು ಅಂಚು ಎಡಗಡೆಯ ಮುಂದಿನ ಟೈರಿನ ಪಕ್ಕೆಯನ್ನು ನಾಲ್ಕು ಬೆರಳಿನಷ್ಟು ಸೀಳಿತು. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಹಾಕುವಂತಿಲ್ಲ, ಅದನ್ನು ಬದಲಿಸಲೇಬೇಕು. ಮರುದಿನ ಟೈರ್ ಅಂಗಡಿಯವರು ನೋಡಿ, "ಒಂದು ಹೊಸದು ಹಾಕಿಸಿಬಿಡಿ ಸರ್, ಮಿಕ್ಕಿದ ಮೂರು ಇನ್ನೊಂದು ಮಳೆಗಾಲ ಬರುತ್ತವೆ" ಎಂದರು. ಸಾಮಾನ್ಯ ಕಾರಾಗಿದ್ದರೆ ಮುಂದಿನ ಎರಡನ್ನೂ ಜೋಡಿಯಾಗಿ ಬದಲಿಸಿ ನೆಮ್ಮದಿಯಿಂದ ಇರಬಹುದಿತ್ತು. ನನ್ನದು ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಆಲ್ ವೀಲ್ ಡ್ರೈವ್ ಡಸ್ಟರ್ ಆದ್ದರಿಂದ, ಒಂದು ದಿನ ಸಮಯ ಕೇಳಿ ಮನೆಗೆ ಬಂದೆ.

ಈ ಕಾರಿನ ಟೈರಿನ ಮೇಲೆ 215/65 ಆರ್ 16 ಎಂದು ಬರೆದಿರುತ್ತದೆ. ಟೈರಿನ ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 65, ರಿಮ್ಮಿನ ವ್ಯಾಸ 16 ಇಂಚು ಎಂಬುದು ಇದರ ಅರ್ಥ. ಲೆಕ್ಕ ಹಾಕಿದರೆ ಒಂದು ಪಕ್ಕೆ ಸುಮಾರು 140 ಮಿ.ಮೀ., ಇಡೀ ಟೈರಿನ ವ್ಯಾಸ ಸುಮಾರು 686 ಮಿ.ಮೀ., ಸುತ್ತಳತೆ 2,155 ಮಿ.ಮೀ. ಆಗುತ್ತದೆ. ಈ ಕೊನೆಯ ಸಂಖ್ಯೆಯನ್ನು ಟೈರಿನ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ. ಆದರೆ ನಮ್ಮಂಥ ಕಾರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಡಸ್ಟರಿನ ಮುಂದಿನ ಚಕ್ರಗಳಿಗೆ ಬಲ ಯಾವಾಗಲೂ ಹೋಗುತ್ತಿರುತ್ತದೆ. ಹಿಂದಿನವುಗಳಿಗೆ ಅದು ತಲುಪುವುದು ಒಂದು ವಿದ್ಯುತ್ಕಾಂತೀಯ ಕ್ಲಚ್ಚಿನ ಮೂಲಕ. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್‌ನ ಸೆನ್ಸರುಗಳು ಪ್ರತಿ ಚಕ್ರದ ವೇಗವನ್ನು ಅಳೆಯುತ್ತವೆ, ಆ ವೇಗಗಳನ್ನು ಹೋಲಿಸಿ ಯಾವುದಾದರೂ ಚಕ್ರ ಜಾರುತ್ತಿದೆ ಎಂದು ಕಂಡರೆ ಕ್ಲಚ್ಚು ಬಿಗಿಯಾಗಿ ಹಿಂದಕ್ಕೂ ಬಲ ಕಳಿಸುತ್ತದೆ. ಮುಂದಿನ ಟೈರು ಸವೆದು ಚಿಕ್ಕದಾಗಿ, ಹಿಂದಿನದು ಹೊಸದಾಗಿ ದೊಡ್ಡದಿದ್ದರೆ, ಒಣ ಡಾಂಬರಿನ ನೇರ ರಸ್ತೆಯಲ್ಲೂ ಮುಂದಿನ ಚಕ್ರ ಹೆಚ್ಚು ಸುತ್ತು ಸುತ್ತುತ್ತಲೇ ಇರುತ್ತದೆ. ಆ ವ್ಯತ್ಯಾಸವನ್ನು ಕ್ಲಚ್ಚಿನ ತಟ್ಟೆಗಳು ಉಜ್ಜಿಕೊಂಡೇ ಸರಿದೂಗಿಸಬೇಕು. ಕೆಸರಿನಲ್ಲಿ ಟೈರೇ ಜಾರಿ ಈ ಬಿಗಿತವನ್ನು ಬಿಡಿಸಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಅದಕ್ಕೆ ದಾರಿಯಿಲ್ಲ, ಇಡೀ ಭಾರ ಕ್ಲಚ್ಚಿನ ಮೇಲೂ ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಮೇಲೂ ಬೀಳುತ್ತದೆ. ಜೋಡಿಯಾಗಿ ಎರಡು ಟೈರ್ ಬದಲಿಸುವ ಒಳ್ಳೆಯ ರೂಢಿಯೂ ಇಲ್ಲಿ ಸಾಲದೆ ಹೋಗುವುದು ಇದೇ ಕಾರಣಕ್ಕೆ: ಎಡಬಲಗಳು ಸಮನಾಗುತ್ತವೆ, ಹಿಂದುಮುಂದುಗಳು ಆಗುವುದಿಲ್ಲ.

ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಕಣ್ಣಾರೆ ನೋಡಬೇಕೆನಿಸಿತು. ಕಾರಿನೊಂದಿಗೆ ಬಂದಿದ್ದ ಸ್ಟೆಪ್ನಿ ಟೈರು ಸೀಳಿದ ದಿನದವರೆಗೆ ನೆಲ ಮುಟ್ಟಿರಲಿಲ್ಲ. ಅದರ ಅಚ್ಚಿನ, ಅಂದರೆ ನೆಲ ಮುಟ್ಟುವ ಮೈಯ ಗೀರುಗಳ, ಆಳ 8 ಮಿ.ಮೀ. ಇತ್ತು. ಓಡಿದ ಮೂರರಲ್ಲಿ ಉಳಿದದ್ದು 4 ಮಿ.ಮೀ. ಅಡಿಕೆ ಒಣಗಿಸುವ ಅಂಗಳದಲ್ಲಿ ಕಾರಿಗೆ ಜಾಕ್ ಕೊಟ್ಟು, ಸವೆದ ಟೈರಿನ ನಡುಮಧ್ಯಕ್ಕೆ ಹುರಿ ಸುತ್ತಿ ಸರಿಯಾಗಿ ಕತ್ತರಿಸಿದೆ. ಆಮೇಲೆ ಸ್ಟೆಪ್ನಿಗೆ ಇನ್ನೊಂದು ಹುರಿ. ಅಪ್ಪಯ್ಯ ಎರಡರ ಒಂದು ತುದಿಯನ್ನು ಸೇರಿಸಿ ಹಿಡಿದುಕೊಂಡರು, ನಾನು ಇನ್ನೊಂದು ತುದಿಯನ್ನು ಎಳೆದು ನೋಡಿದೆ. ಒಂದು ಹೆಬ್ಬೆರಳಿನ ಅಗಲದಷ್ಟು ಹೆಚ್ಚುಕಡಿಮೆ ಇತ್ತು. ಲೆಕ್ಕದ ಪ್ರಕಾರವೂ 25 ಮಿ.ಮೀ. ಬರಬೇಕು. ಅಂದರೆ ಒಂದು ಕಿಲೋಮೀಟರಿಗೆ ಸವೆದ ಟೈರು ಐದೂವರೆ ಸುತ್ತು ಹೆಚ್ಚು ತಿರುಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಸುಮಾರು 60 ಕಿ.ಮೀ.ನಲ್ಲಿ ಮುನ್ನೂರಕ್ಕೂ ಮೀರಿದ ಸುತ್ತುಗಳು. ಹೆಚ್ಚಾಗಿ ಆಲ್ ವೀಲ್ ಡ್ರೈವ್ ಕಾರುಗಳನ್ನೇ ತಯಾರಿಸುವ ಜಪಾನಿನ ಸುಬಾರು ಕಂಪನಿ, ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದೆಂದು ಹೇಳುತ್ತದೆ. ಕಾಲು ಇಂಚೆಂದರೆ ಆರು ಮಿ.ಮೀ. ಚಿಲ್ಲರೆ, ಅಚ್ಚಿನ ಆಳದಲ್ಲಿ ಅದು ಕೇವಲ ಒಂದು ಮಿ.ಮೀ. ಸವೆತ. ನಮ್ಮ ಅಂಗಳದಲ್ಲಿ ಕಂಡದ್ದು ಅದರ ನಾಲ್ಕು ಪಾಲು.

ಹುರಿಯನ್ನು ನೋಡುವವರೆಗೂ ಅಪ್ಪಯ್ಯ, "ಒಂದು ಹರಿದರೆ ನಾಲ್ಕು ಯಾಕೋ?" ಎಂದು ಕೇಳುತ್ತಿದ್ದರು. ನೋಡಿದ ಮೇಲೆ, "ಏರುಪೇರಿನ ಎತ್ತು ಕಟ್ಟಿದರೆ ನೊಗ ಕುತ್ತಿಗೆ ತಿನ್ನುತ್ತದೆ" ಎಂದಷ್ಟೇ ಹೇಳಿ ಹುರಿಯನ್ನು ಸುತ್ತಿಟ್ಟರು.

ಇನ್ನು ಅಳತೆಯನ್ನೇ ದೊಡ್ಡದು ಮಾಡಿದರೆ ಹೇಗೆ ಎಂಬ ಯೋಚನೆ. ನಮ್ಮ ಮನೆಯ ದಾರಿಯ ಕೊನೆಯ ಭಾಗ ತೋಟದ ಬದಿಯ ಮಣ್ಣಿನ ಏರು. ಮಳೆಗಾಲದಲ್ಲಿ ನಡುವಿನ ದಿಣ್ಣೆ ಕಾರಿನ ಹೊಟ್ಟೆಗೆ ತಾಗುವಂತಿರುತ್ತದೆ. 215/70 ಆರ್ 16 ಹಾಕಿದರೆ ವ್ಯಾಸ 707 ಮಿ.ಮೀ. ಆಗುತ್ತದೆ, ಕಾರು ಸುಮಾರು 11 ಮಿ.ಮೀ. ಮೇಲೇಳುತ್ತದೆ. ನಾಲ್ಕಕ್ಕೂ ಅದನ್ನೇ ಹಾಕಿದರೆ ಕ್ಲಚ್ಚಿಗೆ ತೊಂದರೆಯೇನಿಲ್ಲ. ಆದರೆ ಪ್ರತಿ ಗೇರಿನಲ್ಲೂ ಎಳೆತ ಶೇ. 3ರಷ್ಟು ತಗ್ಗುತ್ತದೆ, ಸ್ಪೀಡೋಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ, ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೋಡೆಗೆ ಉಜ್ಜುವ ಭಯವೂ ಇದೆ. ಸ್ಟೆಪ್ನಿಯಂತೂ ಹಳೆಯ ಅಳತೆಯದೇ ಉಳಿಯುತ್ತದೆ. ಹನ್ನೊಂದು ಮಿ.ಮೀ. ಎತ್ತರಕ್ಕೆ ಇಷ್ಟೆಲ್ಲ ಕೊಡುವುದು ನನಗೆ ಸರಿ ಕಾಣಲಿಲ್ಲ. ಕೆಸರಿನಲ್ಲಿ ಹಿಡಿತ ಬೇಕಿದ್ದವರು ಅಳತೆಯನ್ನು ಹಾಗೇ ಉಳಿಸಿಕೊಂಡು, ಆಳವಾದ ಅಚ್ಚಿನ ಆಲ್ ಟೆರೇನ್ ಟೈರುಗಳನ್ನು ನಾಲ್ಕಕ್ಕೂ ಹಾಕಿಸಿಕೊಳ್ಳುವುದು ಉತ್ತಮ.

ಅಳತೆಯ ಜೊತೆಗಿರುವ 98ಎಚ್ ಎಂಬ ಗುರುತನ್ನೂ ಬಿಡಬಾರದು. 98 ಎಂದರೆ ಒಂದು ಟೈರು 750 ಕೆ.ಜಿ. ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳಬಲ್ಲದು. ಇದಕ್ಕಿಂತ ಕಡಿಮೆ ಸಂಖ್ಯೆಯದನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ: ಒಂದೇ ಅಳತೆ ಅಚ್ಚು ಹಾಕಿದ್ದರೂ ಎರಡು ಕಂಪನಿಗಳ ಟೈರುಗಳು, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳು, ನಿಜದ ಸುತ್ತಳತೆಯಲ್ಲಿ ಕೆಲವು ಮಿ.ಮೀ. ಬೇರೆಯಾಗಿರುತ್ತವೆ. ಆದ್ದರಿಂದ ಅಳತೆ, ಕಂಪನಿ, ಮಾದರಿ ಮೂರೂ ಒಂದೇ ಇರಬೇಕು. ತಯಾರಾದ ಕಾಲವನ್ನು ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಹೇಳುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಸ್ಟೆಪ್ನಿಯ ಮೇಲೆ 2316 ಎಂದಿತ್ತು. ಅಚ್ಚು ಹೊಸದರಂತಿದ್ದರೂ ರಬ್ಬರಿಗೆ ವಯಸ್ಸಾಗಿತ್ತು, ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳು ಕಾಣುತ್ತಿದ್ದವು.

ಹೀಗಾಗಿ ನಾಲ್ಕಲ್ಲ, ಐದು ಟೈರ್ ತೆಗೆದುಕೊಂಡೆ. ಖರ್ಚು ಹೆಚ್ಚಾಯಿತು. ಆದರೆ ಹೊಸನಗರ, ಬಿದನೂರು ನಗರ, ಹುಲಿಕಲ್ ಕಡೆಗೆಲ್ಲ ಓಡಾಡುವವನಿಗೆ ದಾರಿಯಲ್ಲಿ ಒಂದು ಟೈರು ಹೋದರೆ ಅದೇ ಸುತ್ತಳತೆಯದು ತಕ್ಷಣ ಸಿಗುವುದಿಲ್ಲ. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸರದಿಯಲ್ಲಿ ಬದಲಿಸುತ್ತ ಬಂದರೆ ಐದೂ ಒಟ್ಟಿಗೆ ಸವೆಯುತ್ತವೆ. ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣವಿರುವ ಟೈರುಗಳನ್ನು ಹೀಗೆ ಎಡದಿಂದ ಬಲಕ್ಕೆ ಹಾಕುವಂತಿಲ್ಲ, ಆದ್ದರಿಂದ ಬಾಣವಿಲ್ಲದ ಮಾದರಿಯನ್ನೇ ಆರಿಸಿದೆ. ಅನಿವಾರ್ಯವಾಗಿ ಬೇರೆ ಸುತ್ತಳತೆಯ ಟೈರು ಹಾಕಿಕೊಳ್ಳಬೇಕಾದಾಗ, ಅಂದು ಆಗುಂಬೆ ದಾರಿಯಲ್ಲಿ ಮಾಡಿದಂತೆ, ಕಾರಿನೊಳಗಿನ ಗುಂಡಿಯನ್ನು ಮುಂದಿನ ಚಕ್ರಗಳಿಗಷ್ಟೇ ಬಲ ಹೋಗುವ ಟು ವೀಲ್ ಡ್ರೈವಿಗೆ ತಿರುಗಿಸಿಕೊಂಡು ನಿಧಾನವಾಗಿ ಹತ್ತಿರದ ಅಂಗಡಿಯವರೆಗೆ ಮಾತ್ರ ಹೋಗಬೇಕು.

ದೀಪಾವಳಿಯ ಹೊತ್ತಿಗೆ 6,000 ಕಿ.ಮೀ. ಆಗಿತ್ತು. ಅಳೆದಾಗ ಮುಂದಿನವು 7.1, ಹಿಂದಿನವು 7.5, ಸ್ಟೆಪ್ನಿ 8 ಮಿ.ಮೀ. ಇದ್ದವು. ವ್ಯತ್ಯಾಸ ಇನ್ನೂ ಒಂದು ಮಿ.ಮೀ. ಒಳಗೇ ಇದ್ದುದರಿಂದ ಅಂದೇ ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿಸಿ ಮೊದಲ ಸರದಿ ಮುಗಿಸಿದೆ.