ಖಾನೆಯಲ್ಲಿ ಬರೀ ‘ಸೆಟ್’ ಅಂತಿತ್ತು

ಹೋದ ವಾರ ಒಂದು ಅನುವಾದದ ಕೆಲಸ ಬಂತು. ನಾನು ಮಾಡುವುದು ಅದೇ ಕೆಲಸ, ದಾವಣಗೆರೆಯ ಮನೆಯಲ್ಲೇ ಕೂತು. ಎಕ್ಸೆಲ್ ಶೀಟಿನ ಎಡಗಡೆ ಇಂಗ್ಲಿಷ್ ಇರುತ್ತದೆ, ಬಲಗಡೆ ಕನ್ನಡ ತುಂಬಿ ವಾಪಸ್ ಕಳಿಸಬೇಕು. ನಲವತ್ತೊಂದನೇ ಸಾಲಿನಲ್ಲಿ ಒಂದೇ ಒಂದು ಪದ ಇತ್ತು: ಸೆಟ್. ಹಿಂದೆ ಮುಂದೆ ಏನೂ ಇಲ್ಲ. ಇದು ಯಾವ ಆ್ಯಪ್‌ಗೆ, ಈ ಪದ ಬಟನ್ ಮೇಲೆ ಬರುತ್ತದಾ, ತಲೆಬರಹದಲ್ಲಿ ಬರುತ್ತದಾ, ಏನೂ ಹೇಳಿರಲಿಲ್ಲ.

ಇಂಥ ಕಡೆ ‘ಸೆಟ್’ ಅಂತಲೇ ಬರೆದು ಮುಂದಿನ ಸಾಲಿಗೆ ಹೋಗಬಹುದು, ಯಾರೂ ಕೇಳುವುದಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಅನ್ನುವ ಕ್ರಿಯಾಪದ ಒಂದಕ್ಕೇ 430 ಅರ್ಥ ಕೊಟ್ಟಿದ್ದಾರೆ. ಅದನ್ನೆಲ್ಲ ವಿವರಿಸುವುದಕ್ಕೆ ಸುಮಾರು 60,000 ಪದ ಬೇಕಾಗಿದೆ, ಒಂದು ಕಾದಂಬರಿಗೆ ಆಗುವಷ್ಟು. ಆಮೇಲೆ ‘ರನ್’ ಇದನ್ನು ಹಿಂದೆ ಹಾಕಿತು. ಅದೇ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತು ‘ರನ್’ ಕ್ರಿಯಾಪದಕ್ಕೆ 645 ಅರ್ಥ ವಿಂಗಡಿಸಿದರು. ಆದರೂ ನನಗೆ ‘ಸೆಟ್’ ಮೇಲೇ ಪ್ರೀತಿ ಜಾಸ್ತಿ, ಯಾಕಂದ್ರೆ ನಾನು ಆ ಪದ ಕೇಳಿಕೊಂಡೇ ಬೆಳೆದವಳು.

ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಜಗಳೂರು ಕಡೆಯಿಂದಲೋ ಮಾಯಕೊಂಡದ ಕಡೆಯಿಂದಲೋ ಯಾರಾದರೂ ಲಗೇಜ್ ಆಟೋದಲ್ಲಿ ಮೋಟರ್ ಹಾಕಿಕೊಂಡು ಬಂದು ಕಾಯುತ್ತಿದ್ದರು. ‘ಅಣ್ಣಾ, ಸೆಟ್ ಸುಟ್ಟೋಗೈತೆ, ಸಂಜೆಗೆ ಬೇಕೇಬೇಕು, ಈರುಳ್ಳಿ ಒಣಗ್ತೈತೆ’ ಅನ್ನುವ ಮಾತು ನನಗೆ ಶಾಲೆಯ ಪ್ರಾರ್ಥನೆಗಿಂತ ಮೊದಲು ಕಿವಿಗೆ ಬಿದ್ದಿದ್ದು. ಬೋರ್‌ವೆಲ್‌ಗೆ ಇಳಿಸುವ ಸೆಟ್ ಅಂದರೆ ಮೋಟರ್ ಮತ್ತು ಪಂಪ್ ಎರಡೂ ಸೇರಿದ್ದು. ಕೆಳಗೆ ಮೋಟರ್, ಅದರ ತಲೆ ಮೇಲೆ ಪಂಪ್. ಜೋಡಿಸಿ ನಿಲ್ಲಿಸಿದರೆ ಉದ್ದದ ಒಂದೇ ಕೊಳವೆಯ ಹಾಗೆ ಕಾಣುತ್ತದೆ. ನಡುವೆ ಕೈಮುಷ್ಟಿಯಷ್ಟು ದಪ್ಪದ ಒಂದು ಕಪ್ಲಿಂಗ್ ಇರುತ್ತದೆ, ಮೋಟರಿನ ಶಾಫ್ಟ್ ಅದರೊಳಗೆ ಒಂದು ಚೂರೂ ಅಲ್ಲಾಡದಂತೆ ಕೂತರೆ ಮಾತ್ರ ಪಂಪ್ ತಿರುಗುತ್ತದೆ. ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಕೇಳಿದ್ದೆ, ಅಪ್ಪಾ ಇದಕ್ಯಾಕೆ ಸೆಟ್ ಅಂತಾರೆ ಅಂತ. ಅಪ್ಪ ಕಪ್ಲಿಂಗಿನ ಹಲ್ಲುಗಳನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸುತ್ತಾ, ‘ಒಂದನ್ನ ಬಿಟ್ಟು ಇನ್ನೊಂದು ಕೆಲಸ ಮಾಡಲ್ಲ ನೋಡವ್ವ, ಅದಕ್ಕೇ ಸೆಟ್ಟು’ ಅಂದರು.

ರೈತರು ಸೆಟ್ ಇಳಿಸುತ್ತಾರೆ, ಸೆಟ್ ಎತ್ತಿಸುತ್ತಾರೆ, ಗ್ರಹಚಾರ ಕೆಟ್ಟರೆ ಪೈಪು ಕಳಚಿ ಸೆಟ್ ಒಳಗೇ ಬೀಳುತ್ತದೆ. ಸರ್ಕಾರಿ ಕಾಗದದಲ್ಲಿ ಅದು ಐ.ಪಿ. ಸೆಟ್, ಅಂದರೆ ಇರಿಗೇಷನ್ ಪಂಪ್‌ಸೆಟ್, ನೀರಾವರಿಯ ಪಂಪು. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಐ.ಪಿ. ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ಇಂಗ್ಲಿಷ್ ಅಕ್ಷರ ಓದಲು ಬಾರದ ಅಜ್ಜನಿಗೂ ಆ ಮಾತು ಬಾಯಿಪಾಠ.

ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮೀಡಿಯಂ. ಗಣಿತದಲ್ಲಿ ‘ಗಣಗಳು’ ಅಂತ ಪಾಠ ಇತ್ತು. ಸಂಯೋಗ, ಛೇದನ, ವೆನ್ ನಕ್ಷೆ ಎಲ್ಲ ಚೆನ್ನಾಗಿ ಬರುತ್ತಿತ್ತು. ಪಿಯುಸಿ ಸೈನ್ಸ್‌ಗೆ ಸೇರಿದ ಮೊದಲ ವಾರ ಲೆಕ್ಚರರ್ ಬೋರ್ಡ್ ಮೇಲೆ ‘ಸೆಟ್ಸ್’ ಅಂತ ಬರೆದರು. ನನ್ನ ಕಣ್ಣ ಮುಂದೆ ಬಂದಿದ್ದು ಅಂಗಡಿ ಮುಂದೆ ಮಲಗಿರುವ ಮೋಟರ್. ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ನಾನು ಇದೇನೋ ಹೊಸ ವಿಷಯ ಅಂತ ಬೆವೆತುಕೊಂಡು ಕೂತಿದ್ದೆ. ಪೀರಿಯಡ್ ಮುಗಿಯುವ ಹೊತ್ತಿಗೆ ಒಂದರೊಳಗೆ ಒಂದು ಹೋಗುವ ಹಾಗೆ ಎರಡು ವೃತ್ತ ಬರೆದು ನಡುವಿನ ಭಾಗಕ್ಕೆ ಗೆರೆ ಹಾಕಿದರು. ಆಗ ಗೊತ್ತಾಯಿತು, ಇದು ನಮ್ಮ ಗಣಗಳೇ! ಹಳ್ಳಿಗಳಿಂದ ಬಂದಿದ್ದ ನನ್ನ ಪಕ್ಕದ ಹುಡುಗಿಯರಲ್ಲಿ ಇಬ್ಬರು ಅಷ್ಟರಲ್ಲೇ ಆರ್ಟ್ಸ್‌ಗೆ ಹೋಗುವ ಮಾತಾಡಿದ್ದರು. ಮೊದಲ ದಿನ ಯಾರಾದರೂ ‘ಸೆಟ್ ಅಂದರೆ ಗಣ ಕಣ್ರಮ್ಮಾ’ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗೊತ್ತಿರುವುದನ್ನೇ ಗೊತ್ತಿಲ್ಲ ಅಂದುಕೊಂಡು ಮಕ್ಕಳು ಹೆದರುವುದು ನನಗೆ ಇವತ್ತಿಗೂ ಸಂಕಟ.

ಪದದ ಹುಟ್ಟು ಹುಡುಕಿದ್ದು ಬಹಳ ವರ್ಷದ ಮೇಲೆ. ನೋಡಿದರೆ ‘ಸೆಟ್’ ಅನ್ನುವುದು ಮೂಲದಲ್ಲಿ ಎರಡು ಬೇರೆ ಬೇರೆ ಪದ. ಟೀ ಸೆಟ್, ಸೋಫಾ ಸೆಟ್, ಗಣಿತದ ಸೆಟ್, ಅಪ್ಪ ಹೇಳಿದ ‘ಜೊತೆಗಿರುವುದು’ ಅನ್ನುವ ಅರ್ಥದ ಸೆಟ್, ಇವೆಲ್ಲ ಹಳೆಯ ಫ್ರೆಂಚಿನಿಂದ ಬಂದವು. ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’ ಇದೆ, ಒಬ್ಬರ ಹಿಂದೆ ನಡೆಯುವವರ ಗುಂಪು ಅಂತ. ಪಂಥ ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ‘ಸೆಕ್ಟ್’ ಕೂಡ ಅಲ್ಲಿಂದಲೇ ಬಂದಿದ್ದು. ಇನ್ನೊಂದು ‘ಸೆಟ್’ ಅಪ್ಪಟ ಹಳೆಯ ಇಂಗ್ಲಿಷಿನದು, ‘ಸೆಟ್ಟನ್’. ಅದು ‘ಸಿಟ್’ ಅನ್ನುವ ಪದದ ಮಗು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಎರಡೂ ಪದಗಳ ರೂಪ ಒಂದೇ ಆಗಿದ್ದರಿಂದ ಬರಬರುತ್ತಾ ಒಂದರ ಅರ್ಥ ಇನ್ನೊಂದಕ್ಕೆ ಬೆರೆತುಹೋಯಿತು.

‘ಕೂರಿಸು’ ಅಂತ ಓದಿದ ದಿನ ನನಗೆ ಆದ ಖುಷಿ ಹೇಳತೀರದು. ಕನ್ನಡದಲ್ಲಿ ಬಹುತೇಕ ಕ್ರಿಯಾಪದಗಳಿಗೆ ‘ಇಸು’ ಹಚ್ಚಿದರೆ ಆಯಿತು: ಕೂರು ಕೂರಿಸು, ಬೀಳು ಬೀಳಿಸು, ಏರು ಏರಿಸು. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಇದೇ ಥರದ ವ್ಯವಸ್ಥೆ ಇತ್ತು. ಈಗ ಅಲ್ಲೊಂದು ಇಲ್ಲೊಂದು ಜೋಡಿ ಉಳಿದಿದೆ, ಅಷ್ಟೇ. ಸಿಟ್, ಸೆಟ್ ಒಂದು ಜೋಡಿ. ಮರ ತಾನೇ ಬಿದ್ದರೆ ‘ಫಾಲ್’, ಕಡಿದು ಬೀಳಿಸಿದರೆ ‘ಫೆಲ್’. ‘ಲೈ’ ಅಂದರೆ ಮಲಗು, ‘ಲೇ’ ಅಂದರೆ ಮಲಗಿಸು. ಅವರು ಕಳಕೊಂಡಿದ್ದು ನಮ್ಮ ಬಾಯಲ್ಲಿ ದಿನವೂ ಆಡುತ್ತಿದೆ ಅಲ್ವಾ?

‘ಕೂರಿಸು’ ಅನ್ನುವ ಕೀಲಿ ಸಿಕ್ಕಮೇಲೆ ಎಷ್ಟೋ ಬಾಗಿಲು ತೆರೆಯಿತು. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಇಂಗ್ಲಿಷಿನಲ್ಲೂ ಅದು ಸೆಟ್. ಮುರಿದ ಮೂಳೆ ಕೂರಿಸುವುದೂ ಸೆಟ್. ಭಾದ್ರಪದ ಬಂತಂದರೆ ನಮ್ಮ ಓಣಿಯ ಹುಡುಗರು ‘ಗಣಪ್ಪನ್ನ ಕುಂದ್ರಿಸ್ತೀವಿ ಅಕ್ಕಾ, ಪಟ್ಟಿ ಕೊಡ್ರಿ’ ಅಂತ ಚಂದಾ ಕೇಳಲು ಬರುತ್ತಾರೆ. ಬ್ಲೌಸ್ ಹೊಲಿಸಿಕೊಂಡು ಬಂದ ಅಮ್ಮ ಕನ್ನಡಿ ಮುಂದೆ ನಿಂತು ‘ಭುಜ ಸರಿಯಾಗಿ ಕೂತಿಲ್ಲ’ ಅನ್ನುತ್ತಾರೆ. ‘ಸೆಟ್ಲ್ ಆಗು’ ಅನ್ನುತ್ತೇವಲ್ಲ, ಆ ‘ಸೆಟ್ಲ್’ ಕೂಡ ಕೂರುವ ಜಾಗ, ಪೀಠ ಅನ್ನುವ ಹಳೆಯ ಇಂಗ್ಲಿಷ್ ಪದದಿಂದ ಬಂದಿದ್ದು. ನಾವೂ ‘ಅವನು ಬೆಂಗಳೂರಲ್ಲೇ ತಳ ಊರಿಬಿಟ್ಟ’ ಅನ್ನುತ್ತೇವೆ.

ಆದರೆ ಆ ಕೀಲಿ ಎಲ್ಲ ಕಡೆ ತಿರುಗುವುದಿಲ್ಲ. ಇಂಗ್ಲಿಷಿನಲ್ಲಿ ಏನಿದ್ದರೂ ಸೆಟ್, ಕನ್ನಡದಲ್ಲಿ ಯಾವ ವಸ್ತು ಅನ್ನುವುದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ಹಾಲಿಗೆ ಹೆಪ್ಪು ಹಾಕುತ್ತೇವೆ, ಅದು ಮೊಸರಾಗುತ್ತದೆ. ಮಾವಿನ ಹೂವು ಉದುರಿ ಕಾಯಿ ಕಚ್ಚುತ್ತದೆ. ಹೊತ್ತು ಮುಳುಗುತ್ತದೆ. ಬಲೆ ಒಡ್ಡುತ್ತಾರೆ. ಹುಲ್ಲಿನ ಬಣವೆಗೆ ಬೆಂಕಿ ಇಡುತ್ತಾರೆ, ಪಟಾಕಿ ಆದರೆ ಹಚ್ಚುತ್ತಾರೆ. ಹಳೇ ಪ್ರೆಸ್ಸುಗಳಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಜಿಟಿಜಿಟಿ ಮಳೆ ಹಿಡಿದುಕೊಳ್ಳುತ್ತದೆ. ಮಳೆ ಹಿಡಿಯುವುದು, ಕಾಯಿ ಕಚ್ಚುವುದು, ಇವುಗಳಲ್ಲಿ ಮಳೆಗೆ ಕೈ ಇದೆ, ಕಾಯಿಗೆ ಬಾಯಿ ಇದೆ. ಎಷ್ಟು ಚೆಂದ! ಎಲ್ಲದಕ್ಕೂ ‘ಸೆಟ್ ಆಯ್ತು’ ಅಂದುಬಿಟ್ಟರೆ ಈ ಮಾತುಗಳಿಗೆ ಕೆಲಸವೇ ಇರುವುದಿಲ್ಲ, ನನ್ನ ಹಟ ಅದಕ್ಕೇ.

ಸಿಮೆಂಟಿನ ಮಾತು ಬೇರೆ. ಅಲ್ಲಿ ಸೆಟ್ ಅಂತಲೇ ಇರಲಿ ಅನ್ನಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಸಿಮೆಂಟ್ ನೀರು ಬಿದ್ದ ಮೇಲೆ 30 ನಿಮಿಷದ ಒಳಗೆ ಸೆಟ್ ಆಗಲು ಶುರು ಆಗಬಾರದು, 600 ನಿಮಿಷ ದಾಟುವುದರೊಳಗೆ ಪೂರ್ತಿ ಸೆಟ್ ಆಗಿರಬೇಕು. ಸೆಟ್ ಆಯಿತು ಅಂದರೆ ಗಟ್ಟಿ ಆಯಿತು ಅಂತ ಅಲ್ಲ, ಇನ್ನು ಕಲಸಿ ಆಕಾರ ಬದಲಿಸಲು ಆಗುವುದಿಲ್ಲ ಅಂತ. ಬಲ ಬರುವುದು ಆಮೇಲೆ, ದಿನವೂ ನೀರು ಹೊಡೆದಂತೆ. ಅದಕ್ಕೇ 28 ದಿನ ಆದಮೇಲೆ ಬಲ ಪರೀಕ್ಷೆ ಮಾಡುತ್ತಾರೆ. ‘ಗಟ್ಟಿಯಾಗು’ ಅಂತ ಅನುವಾದ ಮಾಡಿದರೆ ಈ ವ್ಯತ್ಯಾಸ ಹೋಗುತ್ತದೆ. ಮೇಸ್ತ್ರಿ ‘ಇನ್ನೂ ಸೆಟ್ ಆಗಿಲ್ಲ, ಕಾಲಿಡಬೇಡ್ರೀ’ ಅಂತ ಕೂಗುವುದು ಸರಿಯಾಗೇ ಇದೆ. (ಗಂಜಿ ಹಾಕಿದ ಬಟ್ಟೆ ಸೆಟೆದುಕೊಳ್ಳುತ್ತದೆ ಅನ್ನುತ್ತೇವಲ್ಲ, ಆ ‘ಸೆಟೆ’ ನಮ್ಮದೇ ಪದ. ಇಂಗ್ಲಿಷಿನ ಸೆಟ್‌ಗೂ ಅದಕ್ಕೂ ನಂಟಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಕೇಳಿದರೆ ಒಂದು ಕ್ಷಣ ನಂಟಿದೆ ಅನ್ನಿಸುತ್ತದೆ.)

ಮುಂದೆ ಇನ್ನೊಂದು ಪುಟ್ಟ ಪದ ಬಂದು ಸೇರಿದರೆ ಅರ್ಥ ಪೂರಾ ಬೇರೆ ಆಗುತ್ತದೆ, ಅಲ್ಲಿ ತಪ್ಪಿದರೆ ಅಪಾಯ. ‘ಸೆಟ್ ಅಸೈಡ್’ ಅಂದರೆ ಮನೆಯಲ್ಲಿ ತೆಗೆದಿಡು ಅಂತ. ಅದೇ ಕೋರ್ಟು ಕೆಳಗಿನ ಕೋರ್ಟಿನ ಆದೇಶವನ್ನು ‘ಸೆಟ್ ಅಸೈಡ್’ ಮಾಡಿದರೆ ಆದೇಶ ರದ್ದಾಯಿತು ಅಂತ. ‘ಬದಿಗಿಟ್ಟಿದೆ’ ಅಂತ ಬರೆದಿದ್ದನ್ನು ನಾನೇ ಒಂದೆರಡು ಕಡೆ ಓದಿದ್ದೇನೆ. ಕೇಸಿನಲ್ಲಿ ಜಮೀನು ಇರುವವರು ಅದನ್ನು ಓದಿದರೆ ಆದೇಶ ಇದೆಯೋ ಸತ್ತಿದೆಯೋ ಅಂತ ಹೇಗೆ ತಿಳಿದುಕೊಳ್ಳಬೇಕು?

ಇಷ್ಟೆಲ್ಲ ಹೇಳಿದರೂ ನಾನು ‘ಸೆಟ್’ ವಿರೋಧಿ ಅಲ್ಲ. ನಮ್ಮ ಜನ ಆ ಪದ ತಗೊಂಡು ಅದರಲ್ಲಿ ಇಂಗ್ಲಿಷಿನವರಿಗೇ ಗೊತ್ತಿಲ್ಲದ ಅರ್ಥ ಹುಟ್ಟಿಸಿದ್ದಾರೆ. ‘ಆ ಕೆಲಸ ನಂಗೆ ಸೆಟ್ ಆಗಲ್ಲ’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದರೆ ಅವರಿಗೆ ಅರ್ಥ ಆಗುವುದಿಲ್ಲ. ಒಗ್ಗುವುದು, ಹೊಂದುವುದು, ಹಿಡಿಸುವುದು ಮೂರೂ ಸೇರಿ ಒಂದು ಮಾತಿನಲ್ಲಿ ಬಂದಿದೆ. ‘ಅವಳಿಗೆ ಹುಡುಗ ಸೆಟ್ ಆದ್ನಾ’ ಅಂದರೆ ಮದುವೆ ಗೊತ್ತಾಯಿತಾ ಅಂತ. ಬೆಂಗಳೂರಿನಿಂದ ಬಂದ ನನ್ನ ಚಿಕ್ಕಮ್ಮನ ಮಗ ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ‘ಸೆಟ್ ದೋಸೆ ಇದೆಯಾ’ ಅಂತ ಕೇಳಿದ. ಸಪ್ಲೈಯರ್ ‘ಖಾಲಿ ಐತ್ರಿ’ ಅಂದ. ಇವನು ಮುಗಿದುಹೋಗಿದೆ ಅಂದುಕೊಂಡು ಎದ್ದೇ ಬಿಟ್ಟ. ಖಾಲಿ ಅನ್ನುವುದು ನಮ್ಮಲ್ಲಿ ಮೆತ್ತಗಿನ ಒಂದು ದೋಸೆಯ ಹೆಸರು ಅಂತ ಹೇಳಿ ಕೂರಿಸಬೇಕಾಯಿತು.

ನಲವತ್ತೊಂದನೇ ಸಾಲಿಗೆ ಬರುತ್ತೇನೆ. ಇನ್ನೂ ಒಂದು ತೊಡಕು ಏನಂದರೆ, ಈ ಪದಕ್ಕೆ ಕಾಲದ ಗುರುತಿಲ್ಲ. ವರ್ತಮಾನ, ಭೂತ, ಎರಡರಲ್ಲೂ ಸೆಟ್ ಸೆಟ್ಟೇ. ‘ಇಡು’ ಅಂತಲೋ, ‘ಇಟ್ಟಾಯಿತು’ ಅಂತಲೋ, ‘ಸಿದ್ಧ’ ಅಂತಲೋ, ‘ಜೊತೆ’ ಅಂತಲೋ ಹೇಗೆ ಹೇಳುವುದು? ಬಟನ್ ಮೇಲೆ ‘ಇಟ್ಟಾಯಿತು’ ಅಂತ ಇದ್ದರೆ ಒತ್ತಬೇಕಾದವರು ಒತ್ತುವುದೇ ಇಲ್ಲ. ಕಳಿಸಿದವರಿಗೆ ಮೇಲ್ ಹಾಕಿದೆ, ಚಿತ್ರ ಕಳಿಸಿ ಅಂತ. ಎರಡು ದಿನ ಉತ್ತರ ಇಲ್ಲ. ಮತ್ತೆ ಬರೆದೆ. ಮೂರನೇ ದಿನ ಸ್ಕ್ರೀನಿನ ಫೋಟೋ ಬಂತು.

ನೋಡಿದರೆ ಅದು ಮೊಬೈಲಿನಿಂದ ಮೋಟರ್ ಸ್ಟಾರ್ಟ್ ಮಾಡುವ ಆ್ಯಪ್! ಮೇಲೆ ‘ಪಂಪ್‌ಸೆಟ್ 1’, ‘ಪಂಪ್‌ಸೆಟ್ 2’. ಅದರ ಕೆಳಗೆ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ನಿಲ್ಲಬೇಕು ಅಂತ ಎರಡು ಗಡಿಯಾರ. ಕೊನೆಗೆ ಹಸಿರು ಬಟನ್, ಅದರ ಮೇಲೆ ನನ್ನ ನಲವತ್ತೊಂದನೇ ಸಾಲು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬರುವುದನ್ನು ಕಾದುಕೊಂಡು ಕತ್ತಲಲ್ಲಿ ಹೊಲಕ್ಕೆ ಹೋಗುವವರಿಗಾಗಿ ಮಾಡಿದ್ದು. ನಾನು ಮೊದಲು ‘ಹೊಂದಿಸಿ’ ಅಂತ ಬರೆದಿದ್ದೆ. ಫೋನುಗಳಲ್ಲಿ ಹಾಗೇ ಇರುತ್ತದೆ, ತಪ್ಪೇನಿಲ್ಲ. ಆದರೂ ಸುಮ್ನೆ ಅಂಗಡಿಗೆ ಹೋಗಿ ಅಪ್ಪನಿಗೆ ಫೋಟೋ ತೋರಿಸಿದೆ.

ಅಪ್ಪ ಕನ್ನಡಕ ಹಣೆಗೇರಿಸಿ ನೋಡಿದರು. ಅಲ್ಲಿ ಕೂತಿದ್ದ ಆನಗೋಡಿನ ರೈತರೊಬ್ಬರೂ ಬಗ್ಗಿ ನೋಡಿದರು.

‘ಇದಕ್ಕೆ ಏನಂತ ಬರೀಬೇಕಪ್ಪಾ? ನೀವೆಲ್ಲ ಏನಂತೀರಿ?’

‘ಅಲಾರಾಂಗೆ ಏನಂತೀವಿ? ಇಡು ಅಂತೀವಿ. ಇದೂ ಅಷ್ಟೇ. ಟೈಮ್ ಇಡೋದು.’

ಆ ರೈತರು ತಲೆ ಆಡಿಸಿ, ‘ಹ್ಞೂಂ, ನಾಕು ಗಂಟೆಗೆ ಇಡು ಅಂತ ಮಗನಿಗೆ ಹೇಳ್ತೀನಲ್ಲ’ ಅಂದರು.

‘ಪಂಪ್‌ಸೆಟ್’ ಹಾಗೇ ಇರಲಿ ಅಂತ ಬಿಟ್ಟೆ. ಹಸಿರು ಬಟನ್ನಿಗೆ ‘ಟೈಮ್ ಇಡಿ’ ಅಂತ ಬರೆದು ರಾತ್ರಿಯೇ ಫೈಲ್ ಕಳಿಸಿದೆ.