ಹಳೆಯ ಮಿಲ್ಲಿಂಗ್ ಮಶೀನಿಗೆ ಮೊದಲು ಅಳತೆ, ಆಮೇಲೆ ಬಣ್ಣ

ತಿರುಗುವ ಕಟರಿನಿಂದ ಲೋಹವನ್ನು ಕಡೆಯುವ ಹಳೆಯ ಮಿಲ್ಲಿಂಗ್ ಮಶೀನನ್ನು ಮನೆಗೆ ತಂದವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಅದರ ಬಣ್ಣಕ್ಕೆ. ತುಕ್ಕು, ಎಣ್ಣೆಜಿಡ್ಡು, ಸಿಪ್ಪೆಯೆದ್ದ ಪುಟ್ಟಿ ಎಲ್ಲವೂ ಕಣ್ಣಿಗೆ ಹೊಡೆಯುವುದರಿಂದ ಅದು ಸಹಜವೇ. ಆದರೆ ಮಿಲ್ಲಿಂಗ್ ಮಶೀನ್ ಎಂದರೆ ಮೂಲತಃ ಒಂದಕ್ಕೊಂದು ಲಂಬವಾಗಿ ಚಲಿಸುವ ಮೂರು ಸ್ಲೈಡುಗಳು (ಜಾರುವ ಭಾಗಗಳು) ಮತ್ತು ಅವುಗಳಿಗೆ ಸರಿಯಾದ ಕೋನದಲ್ಲಿ ತಿರುಗುವ ಒಂದು ಸ್ಪಿಂಡಲ್, ಅಂದರೆ ಕಟರನ್ನು ತಿರುಗಿಸುವ ದಂಡ. ಈ ಸಂಬಂಧ ಕೆಟ್ಟಿದ್ದರೆ ಎಷ್ಟು ಹೊಳೆಯುವ ಬಣ್ಣ ಬಳಿದರೂ ಅದರಲ್ಲಿ ಚೌಕವಾದ ಒಂದು ತುಂಡನ್ನು ಕಡೆಯಲಾಗುವುದಿಲ್ಲ. ಈ ಸಂಬಂಧ ಉಳಿದಿದ್ದರೆ, ಹೊರಗೆ ಎಷ್ಟು ಕೊಳಕಾಗಿದ್ದರೂ ಅದು ಒಳ್ಳೆಯ ಮಶೀನೇ. ಆದ್ದರಿಂದ ಪುನಶ್ಚೇತನದ ಕೆಲಸ ಅಳತೆಯಿಂದ ಆರಂಭವಾಗಬೇಕು, ಅದೂ ಒಂದು ಬೋಲ್ಟನ್ನೂ ಬಿಚ್ಚುವ ಮೊದಲು, ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಮನೆಯ ಹಿಂಬದಿಯ ಶೆಡ್ಡಿನಲ್ಲಿರುವುದು ಬೆಂಗಳೂರಿನಲ್ಲಿಯೇ ತಯಾರಾದ, ಬಿ.ಎಫ್.ಡಬ್ಲ್ಯು. ಕಂಪನಿಯ ಸಣ್ಣ ಗಾತ್ರದ ಯೂನಿವರ್ಸಲ್ ಮಿಲ್ಲಿಂಗ್ ಮಶೀನ್. ಯಂತ್ರಗಳನ್ನು ತಯಾರಿಸುವ ಯಂತ್ರಗಳ ಊರಾಗಿ ಬೆಂಗಳೂರು ಬೆಳೆದದ್ದು ಸ್ವಾತಂತ್ರ್ಯಾನಂತರದ ಹತ್ತು ಹದಿನೈದು ವರ್ಷಗಳಲ್ಲಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು, ಜರ್ಮನಿಯ ಫ್ರಿಟ್ಸ್ ವೆರ್ನರ್ ಕಂಪನಿಯ ತಂತ್ರಜ್ಞಾನದೊಂದಿಗೆ 1961ರಲ್ಲಿ ಭಾರತ್ ಫ್ರಿಟ್ಸ್ ವೆರ್ನರ್, ಅಂದರೆ ಬಿ.ಎಫ್.ಡಬ್ಲ್ಯು. ಹುಟ್ಟಿತು, ಮರುವರ್ಷವೇ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಸಿ.ಎಂ.ಟಿ.ಐ. ಬಂತು. ಆ ಕಾಲದಿಂದ ಮೊದಲುಗೊಂಡು ತಯಾರಾದ ಮಶೀನುಗಳು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ದಶಕಗಟ್ಟಲೆ ದುಡಿದವು. ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಮಶೀನುಗಳು ಬಂದ ಮೇಲೆ ಅವುಗಳಿಗೆ ಜಾಗ ಇಲ್ಲದಂತಾಗಿ, ಈಗ ಅನೇಕ ಮಶೀನುಗಳು ಹಳೆಯ ಕಬ್ಬಿಣದ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ಪರಿಣತ ಕೈಗಳು ಸ್ಕ್ರೇಪ್ ಮಾಡಿ, ಅಂದರೆ ಕೆರೆದು, ಮೈಕ್ರಾನುಗಳ ಮಟ್ಟಕ್ಕೆ ತಂದ ಸ್ಲೈಡುಗಳು ಕಿಲೋ ಲೆಕ್ಕದಲ್ಲಿ ಕುಲುಮೆಗೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಾಗಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಒಂದೆರಡು ಮಾತು ಅಗತ್ಯ. ಕಾಲಮ್ (ನಿಂತ ಕಂಬ) ಮತ್ತು ನೀ (ಟೇಬಲನ್ನು ಹೊತ್ತು ಕಂಬದ ಮೇಲೆ ಏರಿಳಿಯುವ ಭಾಗ) ಇರುವ ಈ ಬಗೆಯ ಮಶೀನಿನ ಬುಡ ಕಿರಿದು, ತಲೆ ಭಾರ. ಎತ್ತುವ ಮುನ್ನ ಟೇಬಲನ್ನು ಉದ್ದಕ್ಕೆ ಸರಿಯಾಗಿ ಮಧ್ಯಕ್ಕೆ ತಂದು, ನೀಯನ್ನು ಸಾಧ್ಯವಾದಷ್ಟು ಕೆಳಗಿಳಿಸಿ, ಎಲ್ಲ ಲಾಕುಗಳನ್ನು ಬಿಗಿ ಮಾಡಬೇಕು. ಹೈಡ್ರಾ ಕ್ರೇನಿನವರು ಅವಸರದಲ್ಲಿ ಟೇಬಲ್ಲಿಗೋ ಹ್ಯಾಂಡಲ್ಲಿಗೋ ಬೆಲ್ಟ್ ಹಾಕಲು ಬಂದರೆ ತಡೆಯಬೇಕು. ಶೆಡ್ಡಿನ ಒಳಗೆ ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿಕೊಂಡು, ಹಾರೆಯಿಂದ ಒಂದೊಂದೇ ಗೇಣು ಮುಂದಕ್ಕೆ ನೂಕುವುದೇ ಸುರಕ್ಷಿತ. ಇಂಥ ಮಶೀನಿನ ಮೋಟಾರಿಗೆ ಮೂರು ಫೇಸ್ ವಿದ್ಯುತ್ ಬೇಕು. ಮನೆಗೆ ಆ ಸಂಪರ್ಕ ಇಲ್ಲದಿದ್ದರೆ ಸಿಂಗಲ್ ಫೇಸಿನಿಂದ ನಡೆದು ಮೋಟಾರಿಗೆ ಮೂರು ಫೇಸ್ ಒದಗಿಸುವ ವಿ.ಎಫ್.ಡಿ. ಎಂಬ ಸಾಧನ ಹಾಕಬಹುದು, ಆದರೆ ಅಂಥ ವಿ.ಎಫ್.ಡಿ. ಕೊಡುವುದು ಸುಮಾರು 230 ವೋಲ್ಟ್ ಆದ್ದರಿಂದ, 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುವ ಮೋಟಾರನ್ನು ಡೆಲ್ಟಾಕ್ಕೆ ಬದಲಿಸಬೇಕಾಗುತ್ತದೆ. ಟರ್ಮಿನಲ್ ಬಾಕ್ಸ್ ತೆರೆದು ನೋಡದೆ ವಿ.ಎಫ್.ಡಿ. ಕೊಳ್ಳಬಾರದು.

ಇನ್ನು ಅಳತೆಗೆ ಬರುತ್ತೇನೆ. ಮೀಟರಿಗೆ 0.02 ಮಿ.ಮೀ. ತೋರಿಸುವ ಪ್ರಿಸಿಷನ್ ಲೆವೆಲ್, 0.01 ಮಿ.ಮೀ. ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಡಯಲ್, ನಂಬಬಹುದಾದ ಒಂದು ನೇರಪಟ್ಟಿ (ಸ್ಟ್ರೇಟ್ ಎಡ್ಜ್) ಇದ್ದರೆ ಮಶೀನಿನ ಇಡೀ ಚರಿತ್ರೆಯನ್ನು ಓದಬಹುದು. ಲೆವೆಲನ್ನು ಟೇಬಲಿನ ಮಧ್ಯದಲ್ಲಿ ಉದ್ದಕ್ಕೆ ಇಟ್ಟು, ಟೇಬಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ಓಡಿಸಬೇಕು. ಸ್ಲೈಡುಗಳು ನೇರವಾಗಿದ್ದರೆ ಗುಳ್ಳೆ ಅಲ್ಲಾಡುವುದಿಲ್ಲ. ಸವೆದ ಮಶೀನಿನಲ್ಲಿ ಟೇಬಲ್ ಬಲಕ್ಕೆ ಚಾಚಿದಾಗ ಗುಳ್ಳೆ ಒಂದು ಕಡೆಗೂ ಎಡಕ್ಕೆ ಚಾಚಿದಾಗ ಇನ್ನೊಂದು ಕಡೆಗೂ ಓಡುತ್ತದೆ. ಇದರ ಕಾರಣ ಸರಳ: ಚಾಚಿದ ಟೇಬಲಿನ ಭಾರವೆಲ್ಲ ಅದರ ಕೆಳಗಿನ ಆಧಾರವಾದ ಸ್ಯಾಡಲಿನ ಅಂಚಿನ ಮೇಲೆ ಬೀಳುವುದರಿಂದ, ವರ್ಷಗಳು ಕಳೆದಂತೆ ಸ್ಯಾಡಲಿನ ಎರಡೂ ತುದಿಗಳು ಸವೆದು ನಡುವೆ ಸಣ್ಣ ಉಬ್ಬು ಉಳಿಯುತ್ತದೆ, ಆ ಉಬ್ಬಿನ ಮೇಲೆ ಟೇಬಲ್ ತೂಗುತ್ತದೆ. ಡಯಲ್ ಒಂದನ್ನೇ ನಂಬಿದವರಿಗೆ ಈ ಓಲಾಟ ಪೂರ್ತಿಯಾಗಿ ಕಾಣುವುದಿಲ್ಲ. ಮಶೀನ್ ಕೊಳ್ಳಲು ಹೋಗುವಾಗ ಲೆವೆಲನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ಎರಡನೆಯ ಪರೀಕ್ಷೆ ಜಿಬ್ಬುಗಳದ್ದು, ಅಂದರೆ ಸ್ಲೈಡುಗಳ ನಡುವಿನ ಸಡಿಲನ್ನು ಹೊಂದಿಸುವ ಪಟ್ಟಿಗಳದ್ದು. ಹೆಚ್ಚಿನ ಕೆಲಸ ಟೇಬಲಿನ ನಡುಭಾಗದಲ್ಲಿಯೇ ನಡೆಯುವುದರಿಂದ ಸವೆತವೂ ಅಲ್ಲೇ ಹೆಚ್ಚು. ನಡುವೆ ಇರುವ ಸಡಿಲು ಹೋಗುವಂತೆ ಜಿಬ್ ಬಿಗಿ ಮಾಡಿದರೆ ಟೇಬಲ್ ತುದಿಗಳಲ್ಲಿ ಕಚ್ಚಿ ನಿಲ್ಲುತ್ತದೆ. ತುದಿಗಳಲ್ಲಿ ಹಗುರವಾಗಿ ಓಡುವಂತೆ ಸಡಿಲಿಸಿದರೆ ನಡುವೆ ಅಲುಗಾಡುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ಸವೆತದ ಅಳತೆ, ಅದನ್ನು ಜಿಬ್ ಸ್ಕ್ರೂ ಯಾವತ್ತೂ ಸರಿಪಡಿಸಲಾರದು. ಮೂರನೆಯದು ನೀ. ಸ್ಪಿಂಡಲಿಗೆ ಡಯಲ್ ಹಿಡಿಸಿ, ಅದರ ಮೊನೆಯನ್ನು ಟೇಬಲಿಗೆ ತಾಗಿಸಿ, ನೀಯ ಲಾಕನ್ನು ಬಿಗಿ ಮಾಡಿದಾಗ ಮುಳ್ಳು ಎಷ್ಟು ಜಿಗಿಯುತ್ತದೆಂದು ನೋಡಬೇಕು. ಕಣ್ಣಿನಿಂದಲೇ ತಿಳಿಯುವ ಒಂದು ಸಾಕ್ಷಿಯೂ ಇದೆ: ಸ್ಲೈಡುಗಳ ತುದಿಗಳಲ್ಲಿ ಕಾರ್ಖಾನೆಯ ಮೂಲ ಸ್ಕ್ರೇಪಿಂಗಿನ ಗುರುತುಗಳು ಇನ್ನೂ ಅರ್ಧಚಂದ್ರಾಕಾರವಾಗಿ ಉಳಿದಿದ್ದು, ನಡುವೆ ಬೋಳಾಗಿದ್ದರೆ ಎಲ್ಲಿಂದ ಎಲ್ಲಿಯವರೆಗೆ ಸವೆದಿದೆಯೆಂಬ ನಕ್ಷೆ ತಾನಾಗಿಯೇ ಸಿಗುತ್ತದೆ.

ನನ್ನ ಮಶೀನಿನಲ್ಲಿ ನೀ ಜಾರುವ ಕಾಲಮಿನ ಡವ್‌ಟೇಲ್ ಚೆನ್ನಾಗಿತ್ತು, ಸ್ಪಿಂಡಲ್ ಸದ್ದಿಲ್ಲದೆ ತಿರುಗುತ್ತಿತ್ತು, ಆರ್ಬರ್ ಕೂರುವ ಟೇಪರಿನ ಒಳಮೈಯಲ್ಲಿ ಡಯಲ್ ಹೆಚ್ಚು ಓಡಲಿಲ್ಲ. ಅವುಗಳನ್ನು ಮುಟ್ಟಲೇ ಇಲ್ಲ. ಸರಿಯಾಗಿರುವ ಸ್ಪಿಂಡಲನ್ನು ಕುತೂಹಲಕ್ಕಾಗಿ ಬಿಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದರ ಬೇರಿಂಗುಗಳ ಪ್ರೀಲೋಡನ್ನು (ಮೊದಲೇ ಕೊಟ್ಟ ಬಿಗಿತವನ್ನು) ಮತ್ತೆ ಅದೇ ಸ್ಥಿತಿಗೆ ತರುವುದು ಮನೆಯ ಶೆಡ್ಡಿನಲ್ಲಿ ಸುಲಭವಲ್ಲ. ಕೆಟ್ಟಿದ್ದದ್ದು ಟೇಬಲ್ ಮತ್ತು ಸ್ಯಾಡಲ್, ಆದ್ದರಿಂದ ಸ್ಕ್ರೇಪಿಂಗ್ ಅನಿವಾರ್ಯವಾಯಿತು.

ಸ್ಕ್ರೇಪಿಂಗ್ ಎಂದರೆ ಸಮತಟ್ಟಾದ ಒಂದು ಆಧಾರದೊಂದಿಗೆ ಹೋಲಿಸಿ, ಎತ್ತರದ ಜಾಗಗಳನ್ನಷ್ಟೇ ಕೈಯಿಂದ ಕೆರೆದು ತೆಗೆಯುವ ಕೆಲಸ. ಆ ಆಧಾರವಾದ ಸರ್ಫೇಸ್ ಪ್ಲೇಟಿಗೆ ಪ್ರಷಿಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳುವಾಗಿ ಹಚ್ಚಿ, ಭಾಗವನ್ನು ಅದರ ಮೇಲೆ ಮೆಲ್ಲಗೆ ಆಡಿಸಿದರೆ ಎತ್ತರದ ಬಿಂದುಗಳಿಗೆ ಮಾತ್ರ ನೀಲಿ ಅಂಟುತ್ತದೆ. ಅವುಗಳನ್ನು ಕೆರೆದು, ಅಂಚಿನಲ್ಲಿ ಎದ್ದ ಮುಳ್ಳನ್ನು ಸಾಣೆಕಲ್ಲಿನಿಂದ ತೆಗೆದು, ಒರೆಸಿ, ಮತ್ತೆ ನೀಲಿ ನೋಡಬೇಕು. ಒಂದು ಸುತ್ತಿಗೆ ಹೋಗುವುದು ಕೆಲವೇ ಮೈಕ್ರಾನುಗಳು. ಪ್ರತಿ ಸುತ್ತಿನಲ್ಲಿಯೂ ಕೆರೆಯುವ ದಿಕ್ಕನ್ನು ಹಿಂದಿನದಕ್ಕೆ ಅಡ್ಡವಾಗಿ ಬದಲಿಸದಿದ್ದರೆ ಮೈಮೇಲೆ ಅಲೆಗಳು ಮೂಡುತ್ತವೆ. ಜಾಲಹಳ್ಳಿಯ ಕಡೆ ಇದೇ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತರಾದ ಹಿರಿಯರೊಬ್ಬರು ನನಗೆ ಹಿಡಿತ ಕಲಿಸಿದರು. ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಆನಿಸಿ, ತೋಳಿನ ಬಲ ಬಿಟ್ಟು ಮೈಯ ಭಾರದಿಂದ ನೂಕಬೇಕೆಂದು ಅವರು ತೋರಿಸಿದ ಮೇಲೆಯೇ ನನ್ನ ಗೆರೆಗಳು ಒಂದೇ ಆಳಕ್ಕೆ ಬರತೊಡಗಿದವು. ‘ನೀಲಿ ಕಂಡಲ್ಲೆಲ್ಲ ಕೆರೆಯಬೇಡಿ, ಅದು ಯಾಕೆ ಅಲ್ಲಿ ಕಂಡಿತು ಅಂತ ಮೊದಲು ಯೋಚನೆ ಮಾಡಿ’ ಎಂಬ ಅವರ ಮಾತು ಶೆಡ್ಡಿನಲ್ಲಿ ಈಗಲೂ ನನ್ನ ಕೈಯನ್ನು ನಿಧಾನಿಸುತ್ತದೆ. ಇಪ್ಪತ್ತೈದು ಮಿ.ಮೀ. ಚೌಕದಲ್ಲಿ ಹತ್ತರಿಂದ ಹದಿನೈದು ಬಿಂದುಗಳು ಸಮನಾಗಿ ಹರಡಿ ಬಂದರೆ ಸ್ಲೈಡಿಗೆ ಸಾಕು. ಬಿಂದುಗಳ ನಡುವಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲಬೇಕಾದ್ದರಿಂದ ಕನ್ನಡಿಯಂಥ ನುಣುಪು ಇಲ್ಲಿ ಬೇಕಾಗಿಯೂ ಇಲ್ಲ.

ಆ ಸರ್ಫೇಸ್ ಪ್ಲೇಟ್ ತಾನು ಸಮತಟ್ಟಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ 1840ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ವಿವರಿಸಿದ ವಿಧಾನ ಬಹಳ ಸೊಗಸಾದುದು. ಎರಡೇ ಪ್ಲೇಟುಗಳನ್ನು ಪರಸ್ಪರ ಹೊಂದಿಸುತ್ತ ಹೋದರೆ ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿಯೂ ಪೂರ್ತಿ ಹೊಂದಿಕೊಂಡುಬಿಡಬಹುದು. ಮೂರು ಪ್ಲೇಟುಗಳನ್ನು ಎರಡೆರಡಾಗಿ ಬದಲಿಸುತ್ತ, ತಿರುಗಿಸುತ್ತ ಹೊಂದಿಸಿದರೆ, ಮೂರೂ ಸಮತಟ್ಟಾಗದೆ ಬೇರೆ ದಾರಿಯೇ ಇರುವುದಿಲ್ಲ. ನಾವು ಇಂದು ಬಳಸುವ ಎಲ್ಲ ನಿಖರತೆಯ ಹಿಂದೆ ಈ ತರ್ಕವಿದೆ. ಅದನ್ನು ಸ್ವಂತ ಕೈಯಿಂದ ಕೆಲಸ ಮಾಡುವಾಗ ಅರಿಯುವುದು ನನ್ನ ಪಾಲಿಗೆ ಈ ಹವ್ಯಾಸದ ಅತ್ಯಂತ ದೊಡ್ಡ ಸಂತೋಷ.

ಶುಚಿಗೊಳಿಸುವಾಗ ಮಾಡಬಾರದ ಒಂದು ಕೆಲಸವನ್ನು ಒತ್ತಿ ಹೇಳಬೇಕು. ತುಕ್ಕು ಹಿಡಿದ ಸ್ಲೈಡಿನ ಮೇಲೆ ಎಮೆರಿ ಕಾಗದ ಉಜ್ಜಬಾರದು. ಅದರ ಹರಳುಗಳು ಬೀಡು ಕಬ್ಬಿಣದ ಮೃದುವಾದ ಮೈಯಲ್ಲಿ ಹೂತುಕೊಂಡು, ಎದುರಿನ ಸ್ಲೈಡನ್ನು ವರ್ಷಗಟ್ಟಲೆ ಅರೆಯುತ್ತವೆ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ, ಚಪ್ಪಟೆ ಬ್ಲೇಡಿನಿಂದ ತುಕ್ಕನ್ನು ಎಬ್ಬಿಸಿ, ನುಣುಪಾದ ಸಾಣೆಕಲ್ಲನ್ನು ಎಣ್ಣೆಯೊಂದಿಗೆ ಹಗುರವಾಗಿ ಆಡಿಸಿದರೆ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ. ಎಣ್ಣೆಯ ಕಾಲುವೆಗಳನ್ನು ಒಂದೊಂದಾಗಿ ಚುಚ್ಚಿ ತೆರೆದು, ಸ್ಲೈಡುಗಳಿಗೆ 68ನೇ ದರ್ಜೆಯ ಸ್ಲೈಡ್‌ವೇ ಎಣ್ಣೆ ಹಾಕುತ್ತೇನೆ.

ಟೇಬಲನ್ನು ಓಡಿಸುವ ಲೀಡ್ ಸ್ಕ್ರೂವಿನಲ್ಲಿಯೂ ಸವೆತ ನಡುವೆಯೇ ಹೆಚ್ಚು. ಸ್ಕ್ರೂ ಬದಲಿಸುವುದು ದುಬಾರಿ. ಗನ್‌ಮೆಟಲ್ ನಟ್ಟನ್ನು ಹೊಸದಾಗಿ ಮಾಡಿಸಿದೆ. ಬ್ಯಾಕ್‌ಲ್ಯಾಶ್ (ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲು) ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಾಗಾಗಿ ಕಟರ್ ತಿರುಗುವ ದಿಕ್ಕಿನಲ್ಲಿಯೇ ಜಾಬನ್ನು (ಕಡೆಯಬೇಕಾದ ತುಂಡನ್ನು) ಉಣಿಸುವ ಕ್ಲೈಂಬ್ ಮಿಲ್ಲಿಂಗನ್ನು ನಾನು ಈ ಮಶೀನಿನಲ್ಲಿ ಮಾಡುವುದಿಲ್ಲ. ಸ್ಕ್ರೂವಿನ ಸಡಿಲನ್ನು ಕಟರ್ ಒಮ್ಮೆಲೇ ಎಳೆದುಕೊಂಡರೆ ಹಲ್ಲು ಮುರಿಯುವುದಲ್ಲದೆ ಕಟರನ್ನು ಹೊತ್ತ ಆರ್ಬರ್ ದಂಡ ಕೂಡ ಬಾಗಬಹುದು.

ಯೂನಿವರ್ಸಲ್ ಮಶೀನನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದರ ತಿರುಗುವ ಟೇಬಲ್. ಅಮೆರಿಕದ ಪ್ರಾವಿಡೆನ್ಸ್ ನಗರದ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಜೋಸೆಫ್ ಬ್ರೌನ್ 1862ರಲ್ಲಿ ಇಂಥ ಮೊದಲ ಮಶೀನನ್ನು ರೂಪಿಸಿದ್ದು, ಅಲ್ಲಿಯವರೆಗೆ ಕೈಯಿಂದ ಅರದಲ್ಲಿ ಉಜ್ಜಿ ಮಾಡುತ್ತಿದ್ದ ಟ್ವಿಸ್ಟ್ ಡ್ರಿಲ್ಲುಗಳ ಸುರುಳಿ ಕಾಲುವೆಗಳನ್ನು ಕಡೆಯುವುದಕ್ಕಾಗಿ. ಟೇಬಲನ್ನು ಓರೆಯಾಗಿ ತಿರುಗಿಸಿ, ಲೀಡ್ ಸ್ಕ್ರೂವಿನಿಂದ ಗೇರುಗಳ ಮೂಲಕ ಡಿವೈಡಿಂಗ್ ಹೆಡ್ಡನ್ನು (ಜಾಬನ್ನು ಹಿಡಿದು ಅಳತೆಗೆ ತಕ್ಕಂತೆ ತಿರುಗಿಸುವ ಸಾಧನ) ತಿರುಗಿಸಿದರೆ ಜಾಬ್ ಮುಂದೆ ಸಾಗುತ್ತಲೇ ಸುತ್ತುತ್ತದೆ. ನೂರೈವತ್ತಕ್ಕೂ ಹೆಚ್ಚು ವರ್ಷಗಳಾದರೂ ನನ್ನ ಶೆಡ್ಡಿನ ಮಶೀನಿನಲ್ಲಿ ಅದೇ ವ್ಯವಸ್ಥೆ.

ನನ್ನ ಮಶೀನಿನ ಟೇಬಲನ್ನು ಮೋಟಾರಿನಿಂದ ಓಡಿಸುವ ಫೀಡ್ ಬಾಕ್ಸಿನಲ್ಲಿ 28 ಹಲ್ಲಿನ ಗೇರೊಂದು ಮುರಿದಿದೆ. ಬಿಡಿಭಾಗ ಹುಡುಕುವ ಬದಲು ಅದನ್ನು ಇದೇ ಮಶೀನಿನಲ್ಲಿ ಕಡೆಯಬೇಕೆಂದಿದ್ದೇನೆ. ಟೇಬಲನ್ನು ಕೈಯಿಂದ ಓಡಿಸಿದರೆ ಆ ಗೇರಿಲ್ಲದೆಯೂ ಕೆಲಸ ಸಾಗುತ್ತದೆ. ಡಿವೈಡಿಂಗ್ ಹೆಡ್ಡಿನ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಆ ಹೆಡ್ಡಿನ ಸ್ಪಿಂಡಲ್ ಒಂದು ಸುತ್ತು ಬರುವುದರಿಂದ, 28 ಹಲ್ಲಿಗೆ ಪ್ರತಿ ಬಾರಿ ಒಂದು ಪೂರ್ಣ ಸುತ್ತು ಮತ್ತು ಏಳರಲ್ಲಿ ಮೂರು ಭಾಗ, ಅಂದರೆ ಹೆಡ್ಡಿನ ತಟ್ಟೆಯ 21 ತೂತಿನ ವೃತ್ತದಲ್ಲಿ ಒಂದು ಸುತ್ತು ಹಾಗೂ ಒಂಬತ್ತು ತೂತು ತಿರುಗಿಸಬೇಕು. ಬ್ಲಾಂಕ್ (ಇನ್ನೂ ಹಲ್ಲು ಕಡೆಯದ ತುಂಡು) ಸಿದ್ಧವಾಗಿದೆ. ಸ್ಕ್ರೇಪಿಂಗ್ ಮುಗಿದ ಮೇಲೆ ಲೆವೆಲಿನ ಗುಳ್ಳೆ ಟೇಬಲಿನ ಇಡೀ ಓಟದಲ್ಲಿ ಒಂದು ಗೆರೆಗಿಂತ ಹೆಚ್ಚು ಸರಿಯುತ್ತಿಲ್ಲವಾದ್ದರಿಂದ ಹಲ್ಲುಗಳು ಸಮನಾಗಿ ಬರುತ್ತವೆಂಬ ಭರವಸೆ ನನಗಿದೆ. ಸರಿಯಾದ ಮಾಡ್ಯೂಲಿನ, ಅಂದರೆ ಹಲ್ಲಿನ ಗಾತ್ರದ, ಕಟರ್ ಸಿಕ್ಕ ಕೂಡಲೇ ಆರಂಭಿಸುತ್ತೇನೆ. ಬಣ್ಣದ ಡಬ್ಬವನ್ನು ಇನ್ನೂ ಕೊಂಡಿಲ್ಲ.