ಪಂಪ್ ನಿಂತು ಕೊಳ ಹಸಿರಾದರೆ ನೀರು ಚೆಲ್ಲಬೇಡಿ

ಗಂಗಾವತಿ ಕಡೆಯ ರೆಸಾರ್ಟ್ ಇರಲಿ, ರಾಯಚೂರಿನ ಅಪಾರ್ಟ್‌ಮೆಂಟ್ ಇರಲಿ, ಏಪ್ರಿಲ್ ಬಿಸಿಲಲ್ಲಿ ಈಜುಕೊಳದ ಪಂಪ್ ನಿಂತರೆ ಮೂರ್ನಾಲ್ಕು ದಿನಕ್ಕೆ ಗೋಡೆ ಪಾಚಿಗಟ್ಟಿ ಕೈಗೆ ಜಾರತೊಡಗುತ್ತದೆ. ವಾರ ಕಳೆದರೆ ತಳ ಕಾಣುವುದಿಲ್ಲ. ಆಗ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, ‘ಖಾಲಿ ಮಾಡಿ ಹೊಸ ನೀರು ಬಿಡ್ರಿ.’

ದಯವಿಟ್ಟು ಬೇಡ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ, ಗಂಗಾವತಿ, ಸಿಂಧನೂರು ಸುತ್ತ, ಗದ್ದೆಗೆ ನೀರು ಕಟ್ಟಿದಾಗ ನೆಲದೊಳಗಿನ ನೀರು ಮೇಲೆ ಬರುತ್ತದೆ. ಒಳಗೆ ಭಾರವಿಲ್ಲದ ತೊಟ್ಟಿಯನ್ನು ಅದು ಕೆಳಗಿನಿಂದ ಒತ್ತುತ್ತದೆ. ತಳ ಬಿರಿಯಬಹುದು, ತೊಟ್ಟಿಯೇ ಮೇಲೇಳಬಹುದು. ಎರೆಮಣ್ಣು ಉಬ್ಬಿದರೆ ಗೋಡೆಯನ್ನೂ ತಳ್ಳುತ್ತದೆ. ಹಸಿರು ನೀರನ್ನು ಸರಿ ಮಾಡಬಹುದು, ಸೀಳಿದ ತೊಟ್ಟಿ ಸರಿ ಮಾಡುವುದು ಬಲು ಕಷ್ಟ.

ಮೊದಲು ಪಂಪ್. ಗುಂಯ್ ಎಂದು ತಿರುಗದೆ ನಿಂತರೆ ಮೇನ್ ಆಫ್ ಮಾಡಿ, ಕೆಪಾಸಿಟರ್ ನೋಡಿ, ಇಂಪೆಲ್ಲರಿಗೆ (ನೀರು ತಳ್ಳುವ ಒಳಚಕ್ರ) ಕೂದಲು ಸುತ್ತಿದೆಯೇ ನೋಡಿ. ತಿರುಗಿಯೂ ನೀರು ಎಳೆಯದಿದ್ದರೆ ಬಹುತೇಕ ಸ್ಟ್ರೈನರ್ (ಕಸ ಹಿಡಿಯುವ ಬುಟ್ಟಿ) ಮುಚ್ಚಳದ ಓ-ರಿಂಗ್‌ನಲ್ಲಿ (ರಬ್ಬರ್ ಬಳೆ) ಗಾಳಿ ಒಳಗೆ ಹೋಗುತ್ತಿರುತ್ತದೆ. ನೀರಿಲ್ಲದೆ ಓಡಿಸಿದರೆ ಮೆಕ್ಯಾನಿಕಲ್ ಸೀಲ್ ಸುಟ್ಟು ಸೋರುತ್ತದೆ. ರಿಪೇರಿಗೆ ದಿನ ಹಿಡಿಯುವುದಾದರೆ ಬಾಡಿಗೆ ಮೋನೋಬ್ಲಾಕ್ ಪಂಪ್ ತಂದು ನೀರು ತಿರುಗಿಸಿ, ಆದರೆ ಜನ ನೀರಿಗಿಳಿಯುವ ಹೊತ್ತಿನಲ್ಲಿ ಅದು ಚಾಲೂ ಇರಕೂಡದು. ನಿಂತ ನೀರಿಗೆ ಸುರಿದ ಔಷಧಿ ಒಂದೇ ಮೂಲೆಯಲ್ಲಿ ಉಳಿಯುತ್ತದೆ.

ಆಮೇಲೆ ಬಲೆಯಿಂದ ಎಲೆ, ಕಸ ತೆಗೆಯಿರಿ. ಗೋಡೆ, ಮೆಟ್ಟಿಲು, ಲೈಟಿನ ಹಿಂಭಾಗ ಎಲ್ಲ ಬ್ರಷ್‌ನಿಂದ ತಿಕ್ಕಿ. ಕೊಳೆತ ಎಲೆ ಬಿಟ್ಟು ಕ್ಲೋರಿನ್ ಹಾಕಿದರೆ ಅದೆಲ್ಲ ಎಲೆಗೇ ಖರ್ಚು.

ಕ್ಲೋರಿನ್‌ಗಿಂತ ಮೊದಲೇ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಅನ್ನು 7.2ಕ್ಕೆ ತನ್ನಿ. ಕ್ಲೋರಿನ್ ಹೆಚ್ಚಿದ್ದಾಗ ಪಿಎಚ್ ಪರೀಕ್ಷೆಯ ಬಣ್ಣ ಸುಳ್ಳು ಹೇಳುತ್ತದೆ. ಪಿಎಚ್ 8ರಲ್ಲಿ ಕ್ಲೋರಿನ್‌ನ ಪಾಚಿ ಕೊಲ್ಲುವ ಭಾಗ ಕಾಲು ಪಾಲಿನ ಆಸುಪಾಸು ಮಾತ್ರ. ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಸಿಡನ್ನು ಬಕೆಟ್ ನೀರಿಗೆ ಬೆರೆಸಿ (ಆಸಿಡ್ ನೀರಿಗೆ, ನೀರು ಆಸಿಡ್‌ಗೆ ಅಲ್ಲ) ಅರ್ಧರ್ಧ ಲೀಟರ್ ಹಾಕುತ್ತ, ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ ಎಂದರೆ ಸುಮಾರು ಒಂದು ಲಕ್ಷ ಲೀಟರ್. ಇದಕ್ಕೆ 10 ಪಿಪಿಎಂ (ಲೀಟರ್‌ಗೆ 10 ಮಿಲಿಗ್ರಾಂ) ಕ್ಲೋರಿನ್ ಬೇಕಾದರೆ ಶೇ. 10ರ ಹೊಸ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ಕ್ಲೋರಿನ್) 10 ಲೀಟರ್. ಬಿಸಿಲಲ್ಲಿ ಇಟ್ಟ ಕ್ಯಾನ್‌ನ ಹೈಪೋ ಕಸು ಕಳೆದುಕೊಂಡಿರುತ್ತದೆ. ನಮ್ಮ ಗಡಸು ಬೋರ್‌ವೆಲ್ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಸುಣ್ಣದಂಶ ಇನ್ನೂ ಏರುತ್ತದೆ. ಹೊತ್ತು ಮುಳುಗಿದ ಮೇಲೆ ಹಾಕಿ. ಮಧ್ಯಾಹ್ನದ ಬಿಸಿಲಿಗೆ ಕಾಪು ಇಲ್ಲದ ಕ್ಲೋರಿನ್ ಗಂಟೆಯೊಳಗೇ ಅರ್ಧ ಹಾರಿಹೋಗುತ್ತದೆ. ಹೈಪೋ ಮತ್ತು ಆಸಿಡ್, ಹೈಪೋ ಮತ್ತು ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ ಒಂದೇ ಬಕೆಟ್‌ನಲ್ಲಿ ಸೇರಿದರೆ ವಿಷಾನಿಲ, ಸ್ಫೋಟ. ಜೀವಕ್ಕೇ ಕುತ್ತು.

ಈ ಕ್ಲೋರಿನ್ ಮಾತ್ರೆಯನ್ನೇ ವರ್ಷಗಟ್ಟಲೆ ಹಾಕಿದ ಕೊಳದಲ್ಲಿ ಸಯನ್ಯೂರಿಕ್ ಆಸಿಡ್ ಕೂತಿರುತ್ತದೆ. ಬಿಸಿಲಿಂದ ಕ್ಲೋರಿನ್‌ಗೆ ಕಾಪು ಇದೇ, ಆದರೆ ಹೆಚ್ಚಾದರೆ ಕ್ಲೋರಿನ್‌ನ ಕಸುವನ್ನೇ ಕಟ್ಟಿಹಾಕುತ್ತದೆ. ಅಲ್ಲಿ 10 ಪಿಪಿಎಂ ಸಾಲದು. ಮೂರನೇ ಒಂದು ಪಾಲು ಮಾತ್ರ ನೀರು ಬದಲಿಸಿ, ಮತ್ತೆ ಅಳೆದು ನೋಡಿ.

ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ: ಕ್ಲೋರಿನ್ ಅಳೆಯುವ ಡಿಪಿಡಿ ಮಾತ್ರೆ ಬಿದ್ದೊಡನೆ ಗುಲಾಬಿ ಬಣ್ಣ ಹೊಳೆದು, ಎರಡೇ ಸೆಕೆಂಡಲ್ಲಿ ಬಣ್ಣವೇ ಇಲ್ಲದಂತಾಗುತ್ತದೆ. ಕ್ಲೋರಿನ್ ಇಲ್ಲವೆಂದು ಮತ್ತೆ ಸುರಿಯುತ್ತಾರೆ. ಇದರರ್ಥ ಕ್ಲೋರಿನ್ ವಿಪರೀತ ಇದೆ, ಬಣ್ಣವನ್ನೇ ತಿಂದಿದೆ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ಒಂದೇ ಸಲ ಸುರಿದು ಸುಮ್ಮನಿರಬೇಡಿ; 10 ಪಿಪಿಎಂ ಉಳಿಯುವಂತೆ ದಿನಾ ಸಂಜೆ ಕೂಡಿಸುತ್ತ ಹೋಗಿ. ಹಸಿರು ಹೋಗಿ ಹಾಲಿನಂತಾದರೆ ಪಾಚಿ ಸತ್ತಿದೆ. ಪಂಪ್ 24 ಗಂಟೆ ಓಡಲಿ. ಫಿಲ್ಟರಿನ ಒತ್ತಡದ ಗೇಜ್ ಶುದ್ಧ ಫಿಲ್ಟರಿಗಿಂತ ಅರ್ಧ ಬಾರ್ ಏರಿದಾಗ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹರಿಸಿ ತೊಳೆಯುವುದು), ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿ ತಿರುಗಿಸುವ ಮುಂಚೆ ಪಂಪ್ ಆಫ್. ಹಾಲು ತಿಳಿಯಾಗದಿದ್ದರೆ ಪಟಿಕ 4 ಕಿಲೋ ಕರಗಿಸಿ ಚೆಲ್ಲಿ, ಎರಡು ಗಂಟೆ ತಿರುಗಿಸಿ, ರಾತ್ರಿಯಿಡೀ ಪಂಪ್ ನಿಲ್ಲಿಸಿ. ತಳಕ್ಕೆ ಕೂತ ಬಿಳಿ ಗಸಿಯನ್ನು ಮಲ್ಟಿಪೋರ್ಟಿನ ವೇಸ್ಟ್ (ನೇರ ಹೊರಕ್ಕೆ) ಗುರುತಿನಲ್ಲೇ ನಿಧಾನ ಎಳೆಯಿರಿ, ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟಿಕೊಳ್ಳುತ್ತದೆ.

ಕ್ಲೋರಿನ್ ಹಾಕಿದೊಡನೆ ನೀರು ತಿಳಿಯಾಗಿದ್ದೂ ಕಂದಾದರೆ ಪಾಚಿಯಲ್ಲ, ಬೋರ್‌ವೆಲ್‌ನ ಕಬ್ಬಿಣ. ಅದಕ್ಕೆ ಇನ್ನಷ್ಟು ಕ್ಲೋರಿನ್ ಮದ್ದಲ್ಲ.

ಮಕ್ಕಳನ್ನು ಇಳಿಸುವ ಮುನ್ನ: ಆಳದ ಕೊನೆಯ ಡ್ರೈನ್ ಜಾಲರಿಯ ಸ್ಕ್ರೂ ದಡದಿಂದ ಕಾಣಬೇಕು. ರಾತ್ರಿ ಅಳೆದ ಕ್ಲೋರಿನ್ ಸೂರ್ಯ ಹುಟ್ಟುವ ಮುಂಚೆ 1 ಪಿಪಿಎಂಗಿಂತ ಹೆಚ್ಚು ಇಳಿದಿರಬಾರದು, ಆಮೇಲೆ 3ಕ್ಕೆ ತಾನಾಗಿ ಇಳಿಯಲು ಬಿಡಿ.